ಮೂವತ್ನಾಲ್ಕು ಇಂಚಿನ ಬೀದಿ

ಆ ಬೀದಿಯಲ್ಲಿ ನಲವತ್ತು ದಾಟಿದ ಗಂಡಸರು ಮೂವತ್ತೊಂದು ಜನ. ಮೂವತ್ತೊಂದೂ ಜನರ ಸೊಂಟದ ಸುತ್ತಳತೆ ಮೂವತ್ನಾಲ್ಕು ಇಂಚು. ಬ್ಯಾಂಕ್ ಮ್ಯಾನೇಜರರದು ಅಷ್ಟೇ, ಔಷಧಿ ಅಂಗಡಿಯವರದು ಅಷ್ಟೇ, ಕುರ್ಚಿಯಿಂದ ಏಳುವಾಗ ಕುರ್ಚಿಯನ್ನೂ ಜೊತೆಗೆ ಎತ್ತಿಕೊಂಡು ಏಳುತ್ತಿದ್ದ ನಿವೃತ್ತ ಓವರ್‌ಸಿಯರರದೂ ಅಷ್ಟೇ. ದೇವರು ಮೂವತ್ತೊಂದು ಜನರನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದು ಒಂದೇ ಬೀದಿಗೆ ಕಳಿಸಿದ ಎಂದುಕೊಂಡರೆ ಅದು ನಿಮ್ಮ ಮುಗ್ಧತೆ. ಇದೆಲ್ಲ ಮೂಲೆಯಂಗಡಿಯ ಟೈಲರ್ ಮಾಸ್ಟರರ ಕೃಪೆ.

ಮಾಸ್ಟರರು ಇಪ್ಪತ್ತೆಂಟು ವರ್ಷದಿಂದ ಆ ಅಂಗಡಿಯಲ್ಲಿ ಪ್ಯಾಂಟು ಹೊಲಿಯುತ್ತಿದ್ದರು. ಕೆಳಗೆ ಅಂಗಡಿ, ಮೇಲೆ ಮನೆ. ನಡುವೆ ಹದಿನೆಂಟು ಮೆಟ್ಟಿಲು. ಊಟಕ್ಕೆಂದು ಮೆಟ್ಟಿಲು ಹತ್ತಿದವರು ಮೇಲೆ ನಿಂತು, ಎದುರಿನ ಬೋಳು ಗೋಡೆಯನ್ನು ಐದು ನಿಮಿಷ ಆಸ್ವಾದಿಸಿ ಆಮೇಲೆ ಒಳಗೆ ಹೋಗುತ್ತಿದ್ದರು. ಏದುಸಿರು ಎಂಬ ಮಾತನ್ನು ಅವರು ಒಪ್ಪುತ್ತಿರಲಿಲ್ಲ. ವಯಸ್ಸು ಐವತ್ತೆರಡು.

ಅವರ ವೃತ್ತಿಯಲ್ಲಿ ಒಂದು ಗುಟ್ಟಿತ್ತು. ಅಳತೆ ಕೊಡಲು ಬಂದ ಗಂಡಸು ಕೈಯೆತ್ತಿ, ಉಸಿರು ಬಿಗಿಹಿಡಿದು, ಚಾವಣಿ ನೋಡುತ್ತ ನಿಲ್ಲುತ್ತಾನಲ್ಲ, ಆಗ ಅವನ ಮುಖ ಫಲಿತಾಂಶಕ್ಕೆ ಕಾದ ಹುಡುಗನ ಮುಖ ಎಂಬುದನ್ನು ಮಾಸ್ಟರರು ಮೊದಲ ವರ್ಷದಲ್ಲೇ ಕಂಡುಕೊಂಡಿದ್ದರು. ಹಾಗೆ ನಿಂತವನಿಗೆ ನಲವತ್ತೆರಡು ಎಂದು ಕೂಗಿ ಹೇಳುವ ಕಟುಕತನ ಅವರಲ್ಲಿರಲಿಲ್ಲ. ಆದ್ದರಿಂದ ಅವರು ಎಲ್ಲರಿಗೂ "ಸೊಂಟ ಮೂವತ್ನಾಲ್ಕು" ಎಂದು ಗಟ್ಟಿಯಾಗಿ ಹೇಳಿ, ಆಮೇಲೆ ಕೆಮ್ಮುತ್ತಿದ್ದರು. ಒಂದು ಕೆಮ್ಮಿಗೆ ಎರಡು ಇಂಚು. ಗಂಟಲು ಸರಿಮಾಡಿಕೊಂಡರೆ ಒಂದು ಇಂಚು. ಮೂಗು ಎಳೆದರೆ ಅರ್ಧ. ಮೂಲೆಯಲ್ಲಿ ಗುಂಡಿಗಳಿಗೆ ಕಾಜಾ ಹಾಕುತ್ತ ಕೂತಿರುತ್ತಿದ್ದ ಹೆಂಡತಿ ಇದನ್ನೆಲ್ಲ ಕೂಡಿಸಿ ಅಳತೆ ಪುಸ್ತಕದಲ್ಲಿ ಸರಿಯಾದ ಸಂಖ್ಯೆ ಬರೆದುಕೊಳ್ಳುತ್ತಿದ್ದಳು. ಇಪ್ಪತ್ತೆಂಟು ವರ್ಷದ ದಾಂಪತ್ಯದಲ್ಲಿ ಅವಳು ಗಂಡನ ಬಾಯಿಂದ ಬಂದದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದುದು ಈ ಒಂದು ವಿಷಯದಲ್ಲಿ ಮಾತ್ರ.

ಪ್ಯಾಂಟು ಅಚ್ಚುಕಟ್ಟಾಗಿ ಕೂರುತ್ತಿತ್ತು. ಗಿರಾಕಿ ಮೂವತ್ನಾಲ್ಕರ ಹೆಮ್ಮೆಯಲ್ಲಿ ಹೋಗುತ್ತಿದ್ದ. "ಪಾಪ ಮಾಸ್ಟರು, ಬಟ್ಟೆ ಧೂಳು ಗಂಟಲಿಗೆ ಹೋಗಿಬಿಟ್ಟಿದೆ" ಎಂದು ಬೀದಿಯೆಲ್ಲ ಮರುಗುತ್ತಿತ್ತು.

ಹೀಗಿರಲು ಬೀದಿಯ ತುದಿಯ ಸಣ್ಣ ಆಸ್ಪತ್ರೆಗೆ ಹೊಸ ಡಾಕ್ಟರಮ್ಮ ಬಂದರು. ಚಿಕ್ಕ ವಯಸ್ಸು, ಚುರುಕು ನಡಿಗೆ, ಜನರನ್ನು ಹಾಗೇ ಬಿಡಬಾರದು ಎಂಬ ಕೆಟ್ಟ ಚಾಳಿ. ಬಂದ ತಿಂಗಳಲ್ಲೇ ನಲವತ್ತು ದಾಟಿದ ಗಂಡಸರಿಗೆಲ್ಲ ತಪಾಸಣೆ ಎಂದು ಶನಿವಾರ ಶಿಬಿರ ಇಟ್ಟರು. ರಕ್ತ ಕೊಡಲು ಗಂಡಸರು ಒಪ್ಪಿದರು, ರಕ್ತದೊತ್ತಡಕ್ಕೂ ತೋಳು ಚಾಚಿದರು. ಆದರೆ ನರ್ಸಮ್ಮ ಟೇಪು ಹಿಡಿದು ಸೊಂಟದ ಹತ್ತಿರ ಬಂದ ಕೂಡಲೆ ಮೊದಲನೆಯವರು ಎರಡು ಹೆಜ್ಜೆ ಹಿಂದೆ ಸರಿದರು, ಎರಡನೆಯವರು ಶೌಚಾಲಯ ಎಲ್ಲಿದೆ ಎಂದು ಕೇಳಿ ಮನೆಗೇ ಹೋಗಿಬಿಟ್ಟರು. ಸೊಂಟ ಅಳೆಯುವುದಾದರೆ ನಮ್ಮ ಮಾಸ್ಟರೇ ಅಳೆಯಲಿ ಎಂದು ಉಳಿದವರು ಪಟ್ಟು ಹಿಡಿದರು.

ಡಾಕ್ಟರಮ್ಮ ಹೇಳಿ ಕಳಿಸಿದರು. ಮಾಸ್ಟರರ ಎದೆಗೆ ಒಂದು ಬಿಳಿ ಕಾರ್ಡು ಸಿಕ್ಕಿಸಿದರು. ಅದರಲ್ಲಿ "ಅಳತೆ ಸಹಾಯಕರು" ಎಂದು ಬರೆದಿತ್ತು. ಇಪ್ಪತ್ತೆಂಟು ವರ್ಷ ಬರೀ ಟೈಲರ್ ಆಗಿದ್ದ ಮನುಷ್ಯನಿಗೆ ಎದೆಯ ಮೇಲೆ ಕಾರ್ಡು ಬಂದರೆ ಏನಾಗಬೇಕೋ ಅದೇ ಆಯಿತು. ಅವರ ನಡಿಗೆ ಬದಲಾಯಿತು.

ಮೊದಲು ನಿಂತವರು ಬ್ಯಾಂಕ್ ಮ್ಯಾನೇಜರು. ಮಾಸ್ಟರರು ಟೇಪು ಸುತ್ತಿ, ನೋಡಿ, ಅಭ್ಯಾಸಬಲದಿಂದ ಕೂಗಿದರು. "ಸೊಂಟ ಮೂವತ್ನಾಲ್ಕು." ಆಮೇಲೆ ನಾಲ್ಕು ಸಲ ಕೆಮ್ಮಿದರು. ಕೆಮ್ಮಿ, ಬರೆಯಲು ಕೂತಿದ್ದ ನರ್ಸಮ್ಮನ ಕಡೆ ಅರ್ಥಗರ್ಭಿತವಾಗಿ ನೋಡಿದರು. ನರ್ಸಮ್ಮ ತಲೆಯಾಡಿಸಿದರು. ಅದು ಮನುಷ್ಯರು ಮನುಷ್ಯರಿಗೆ ತೋರಿಸುವ ಸಾಮಾನ್ಯ ಮರುಕ. ಮಾಸ್ಟರರು ಮಾತ್ರ, ಆಹಾ, ಆಸ್ಪತ್ರೆಯವರಿಗೂ ಈ ಲೆಕ್ಕ ಗೊತ್ತಿದೆ ಎಂದುಕೊಂಡರು. ಓದಿದವರಲ್ಲವೇ ಎಂದು ಮನಸ್ಸಿನಲ್ಲೇ ಮೆಚ್ಚಿದರು.

ಮಧ್ಯಾಹ್ನದ ಹೊತ್ತಿಗೆ ಮೂವತ್ತು ಜನ ಮುಗಿದರು. ನರ್ಸಮ್ಮ ಮುಖಕ್ಕೆ ಒಂದರ ಮೇಲೊಂದು ಎರಡು ಮಾಸ್ಕು ಹಾಕಿಕೊಂಡು, ಕುರ್ಚಿಯನ್ನು ಬಾಗಿಲಾಚೆ ಎಳೆದುಕೊಂಡು, ಅಲ್ಲಿಂದಲೇ ಬರೆಯುತ್ತಿದ್ದರು. ಕೊನೆಗೆ ಮಾಸ್ಟರರು ತಮ್ಮ ಸೊಂಟಕ್ಕೂ ತಾವೇ ಟೇಪು ಸುತ್ತಿದರು. ಸುತ್ತಿದ್ದು ಬೆಲ್ಟಿನ ಜಾಗದಲ್ಲಿ, ಅಂದರೆ ಹೊಟ್ಟೆಯ ತಪ್ಪಲಿನಲ್ಲಿ. "ಮೂವತ್ನಾಲ್ಕು" ಎಂದರು, ಕೆಮ್ಮಲಿಲ್ಲ. ತಮ್ಮ ವಿಷಯದಲ್ಲಿ ಅವರು ಅದನ್ನು ನಿಜವೆಂದೇ ನಂಬಿದ್ದರು.

ಒಂದು ವಾರಕ್ಕೆ ವರದಿಗಳು ಬಂದವು. ಡಾಕ್ಟರಮ್ಮ ಎಲ್ಲರನ್ನೂ ಆಸ್ಪತ್ರೆಯ ಜಗುಲಿಯಲ್ಲಿ ಕೂರಿಸಿ ವಿವರಿಸಿದರು.

"ಸೊಂಟ, ಬಿಪಿ, ಸಕ್ಕರೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು ಜಾಸ್ತಿ, ಒಳ್ಳೆ ಕೊಬ್ಬು ಕಮ್ಮಿ. ಈ ಐದರಲ್ಲಿ ಮೂರು ಹದ ತಪ್ಪಿದ್ರೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಅಂತಾರೆ. ಇವತ್ತು ಏನೂ ನೋವಿಲ್ಲ. ಹೀಗೇ ಬಿಟ್ರೆ ಮುಂದೆ ಡಯಾಬಿಟೀಸ್ ಬರಬಹುದು, ಹಾರ್ಟಿಗೆ ಬರಬಹುದು. ಈಗಲೇ ಊಟ, ನಡಿಗೆ, ನಿದ್ದೆ ಸರಿಮಾಡ್ಕೊಂಡ್ರೆ ತುಂಬ ಜನಕ್ಕೆ ಹಿಂದಕ್ಕೆ ಬರತ್ತೆ."

ಮಾತು ಸ್ಪಷ್ಟವಾಗಿತ್ತು. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ಎಷ್ಟು ಬಿರುಸು ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಸಕ್ಕರೆ, ಕರಿದದ್ದು, ಉಪ್ಪು ಕಮ್ಮಿ. ತರಕಾರಿ, ಕಾಳು ಜಾಸ್ತಿ. ಸಿಗರೇಟು ಬೇಡವೇ ಬೇಡ. ಆದರೆ ಇಷ್ಟೆಲ್ಲ ಹೇಳಿದ ಮೇಲೆ ಡಾಕ್ಟರಮ್ಮ ಒಂದು ಮಾತು ಹೆಚ್ಚಾಗಿ ಆಡಿಬಿಟ್ಟರು.

"ನಂಗೆ ಅರ್ಥ ಆಗ್ದೆ ಇರೋದು ಒಂದೇ. ನಿಮ್ಮೆಲ್ರ ರಕ್ತ ಹೀಗಿದೆ, ಸೊಂಟ ಮಾತ್ರ ಮೂವತ್ನಾಲ್ಕೇ ಇದೆ. ಮೂವತ್ತೈದೂವರೆ ದಾಟಿದ್ರೆ ತಾನೆ ತೊಂದ್ರೆ."

ಅಲ್ಲಿಗೆ ಮುಗಿಯಿತು. ಗಂಡಸರ ಕಿವಿಗೆ ಬಿದ್ದದ್ದು ಈ ಕೊನೆಯ ವಾಕ್ಯ ಒಂದೇ. ಬ್ಯಾಂಕ್ ಮ್ಯಾನೇಜರು ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ತೀರ್ಪು ಕೊಟ್ಟರು. "ನೋಡ್ರಿ, ರಕ್ತ ಅನ್ನೋದು ಇವತ್ತು ಏರತ್ತೆ ನಾಳೆ ಇಳಿಯತ್ತೆ. ಸೊಂಟ ಹಾಗಲ್ಲ. ಸಣ್ಣಗಿರೋರು ಪಥ್ಯ ಮಾಡಿದ್ರೆ ನಿಶ್ಶಕ್ತಿ ಬರತ್ತೆ." ಓವರ್‌ಸಿಯರರು ಹೌದು ಹೌದು ಎಂದರು. ಎಲ್ಲರೂ ಎದುರಿನ ಬೇಕರಿಗೆ ಹೋಗಿ ನಿಶ್ಶಕ್ತಿಗೆ ಮುನ್ನೆಚ್ಚರಿಕೆಯಾಗಿ ಕೇಕು ತಿಂದರು.

ಆ ಬೇಕರಿಯವನು ಮಾಸ್ಟರರ ಜೀವದ ಗೆಳೆಯ. ಚಿಕ್ಕಂದಿನಿಂದ ಒಂದೇ ಬೆಂಚಿನವರು. ಈಗ ಅವನಿಗೆ ಐವತ್ಮೂರು. ಅವನ ಅಣ್ಣ ಐವತ್ನಾಲ್ಕನೇ ವಯಸ್ಸಿನಲ್ಲಿ ಅದೇ ಬೇಕರಿಯಲ್ಲಿ ಟ್ರೇ ಹಿಡಿದುಕೊಂಡೇ ಕುಸಿದು, ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟಿದ್ದ. ಡಾಕ್ಟರಮ್ಮ ಎಲ್ಲರಿಗಿಂತ ಹೆಚ್ಚು ಗದರಿದ್ದು ಇವನನ್ನೇ. ಇವನು ಹೆದರಿ ಎರಡು ದಿನ ಬನ್ನು ಮುಟ್ಟಲಿಲ್ಲ. ಮೂರನೇ ದಿನ ವರದಿಯ ಕಾಗದವನ್ನು ಮತ್ತೆ ಓದಿ, ಮೂವತ್ನಾಲ್ಕು ಎಂಬಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿ, ಕಾಗದವನ್ನು ಗಾಜಿನ ಕಪಾಟಿಗೆ ಅಂಟಿಸಿದ. ಪ್ರತಿ ಟ್ರೇಯಿಂದ ಒಂದು ಬನ್ನು ಮುರಿದು ಹದ ನೋಡುವ ಪದ್ಧತಿ ಮತ್ತೆ ಶುರುವಾಯಿತು. ದಿನಕ್ಕೆ ಹನ್ನೆರಡು ಟ್ರೇ.

"ಡಾಕ್ಟರಮ್ಮನ ಮಿಷನ್ನು ತಪ್ಪಿರಬಹುದು. ಮಾಸ್ಟರ ಟೇಪು ತಪ್ಪಲ್ಲ" ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಕೇಕು ಕಟ್ಟಿಸಿಕೊಳ್ಳುತ್ತಿದ್ದ ಮಾಸ್ಟರರ ಕಿವಿಗೂ ಅದು ಬಿತ್ತು. ಗೆಳೆಯನ ಸೊಂಟಕ್ಕೆ ತಾವು ಐದು ಸಲ ಕೆಮ್ಮಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದರು. ಅವಳು ಸೂಜಿ ಕೆಳಗಿಟ್ಟಳು.

"ನರ್ಸಮ್ಮ ಮೂವತ್ನಾಲ್ಕು ಅಂತಾನೇ ಬರ್ಕೊಂಡ್ರಾ? ಎಲ್ರಿಗೂ?"

"ತಲೆ ಆಡಿಸಿದ್ಲು ಕಣೇ. ಅರ್ಥ ಆಯ್ತು ಅಂದ್ಕೊಂಡೆ."

"ನಿಮ್ಮ ಕೆಮ್ಮು ಅರ್ಥ ಮಾಡ್ಕೊಳ್ಳೋಕೆ ನಂಗೇ ಒಂದೂವರೆ ವರ್ಷ ಹಿಡೀತು. ಅವರು ಒಂದು ಬೆಳಿಗ್ಗೇಲಿ ಕಲಿತುಬಿಡ್ತಾರಾ? ಈಗಲೇ ಹೋಗಿ ನಿಮ್ಮ ಗೆಳೆಯರಿಗೆ ನಿಜ ಹೇಳಿ ಬನ್ನಿ."

"ಅವನೊಬ್ಬನಿಗೆ ಹೇಳಿದ್ರೆ ಮೂವತ್ತು ಜನಕ್ಕೂ ಹೇಳಿದ ಹಾಗೆ. ಅಂಗಡಿಗೆ ಬೀಗ ಹಾಕ್ಬೇಕಾಗತ್ತೆ."

"ಬೇಕರಿಗೆ ಬೀಗ ಬೀಳೋದಕ್ಕಿಂತ ಅದು ವಾಸಿ" ಎಂದಳು ಅವಳು.

ಮರುದಿನ ಹೋದರು. ಬೇಕರಿಯವನು ಒಲೆಯ ಮುಂದೆ ಬೆವರುತ್ತ ನಿಂತಿದ್ದ. ಮಾಸ್ಟರರು ಪೀಠಿಕೆ ಹಾಕಿದರು. "ನೋಡೋ, ಈ ಸೊಂಟದ ವಿಷಯ..." ಅಷ್ಟರಲ್ಲಿ ಅವನು ಬಿಸಿ ಕೇಕಿನ ತುಂಡೊಂದನ್ನು ಅವರ ಬಾಯಿಗೇ ತುರುಕಿದ. ಬಾಯಿ ತುಂಬ ಕೇಕಿದ್ದಾಗ ಸತ್ಯ ಹೇಳುವುದು ಕಷ್ಟ. ಮನೆಗೆ ಬರುವಾಗ ಮಾಸ್ಟರರ ಕೈಯಲ್ಲಿ ಕಾಲು ಕಿಲೋ ಕೇಕಿನ ಪೊಟ್ಟಣವೂ ಇತ್ತು. ಹೆಂಡತಿ ಆ ಪೊಟ್ಟಣ ನೋಡಿದಳು, ಗಂಡನ ಮುಖ ನೋಡಿದಳು, ಒಳಗೆ ಹೋದಳು.

ಇನ್ನೊಂದು ದಿನ ಬೇರೆ ಉಪಾಯ ಮಾಡಿದರು. "ನನ್ನ ಟೇಪು ಹಳೇದಾಗಿ ಎಳ್ಕೊಂಡಿದೆ ಕಣೋ. ಎಳ್ಕೊಂಡ ಟೇಪು ಕಮ್ಮಿ ತೋರಿಸತ್ತೆ. ನಿಂದು ಜಾಸ್ತಿ ಇರ್ಬಹುದು" ಎಂದರು. ಬೇಕರಿಯವನಿಗೆ ಗೆಳೆಯನ ಬಗ್ಗೆ ಕರುಳು ಚುರುಕ್ ಎಂದಿತು. ಇಷ್ಟು ವರ್ಷ ದುಡಿದವನಿಗೆ ಒಂದು ಒಳ್ಳೆ ಟೇಪಿಲ್ಲವಲ್ಲ ಎಂದು ಸಂಜೆಯೇ ಹೊಸ ಟೇಪೊಂದನ್ನು ಉಡುಗೊರೆ ತಂದ. ತಂದವನು ಕೈಯೆತ್ತಿ ನಿಂತ.

"ಅಳೀ. ಹೊಸದರಲ್ಲೇ ನೋಡಿಬಿಡೋಣ."

ಮಾಸ್ಟರರು ಅಳೆದರು. ನಲವತ್ನಾಲ್ಕು. ಹೇಳಿಬಿಡಬೇಕು ಎಂದು ಗಟ್ಟಿಮನಸ್ಸು ಮಾಡಿ ಬಾಯಿ ತೆರೆದರು. ಬಾಯಿ ತನ್ನ ಇಪ್ಪತ್ತೆಂಟು ವರ್ಷದ ಕೆಲಸವನ್ನು ತಾನು ಮಾಡಿತು. "ಮೂವತ್ನಾಲ್ಕು" ಎಂದಿತು. ಆಮೇಲೆ ಐದು ಸಲ ಕೆಮ್ಮಿತು. ಬೇಕರಿಯವನು ಬೆನ್ನು ತಟ್ಟಿ, "ಮೊದ್ಲು ಈ ಕೆಮ್ಮಿಗೆ ಏನಾದ್ರೂ ಮಾಡ್ಕೊ" ಎಂದು ಹೇಳಿ ಹೋದ. ಮೂಲೆಯಲ್ಲಿ ಹೆಂಡತಿ ಕತ್ತರಿಯನ್ನು ಮೇಜಿನ ಮೇಲೆ ಇಟ್ಟ ಸದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತು.

ಕೆಮ್ಮಿಗೆ ಆಗಲೇ ಬೇರೆಯವರು ಏನೋ ಮಾಡಲು ಹೊರಟಿದ್ದರು. ಒಂದೇ ಬೆಳಿಗ್ಗೆ ಒಬ್ಬ ಮನುಷ್ಯ ನೂರಕ್ಕೆ ಎರಡು ಕಮ್ಮಿ ಸಲ ಕೆಮ್ಮಿದನೆಂದು ನರ್ಸಮ್ಮ ಬರೆದುಕೊಟ್ಟಿದ್ದರು. ಮಾಸ್ಟರರ ಎದೆಯ ಎಕ್ಸ್‌ರೇ ಆಯಿತು, ಕಫದ ಪರೀಕ್ಷೆ ಮೂರು ಸಲ ಆಯಿತು. ಕಫವೇ ಇಲ್ಲದ ಮನುಷ್ಯ ಅದನ್ನು ಎಲ್ಲಿಂದ ತರಬೇಕು? ಕಹಿ ಔಷಧಿ ಕುಡಿಸಿದರು. ಬೀದಿಯವರು ಅಂಗಡಿಯ ಮುಂದೆ ಹಾಯುವಾಗ ಮೂಗಿಗೆ ಕರವಸ್ತ್ರ ಹಿಡಿದರು. ಓವರ್‌ಸಿಯರರು ಪ್ಯಾಂಟಿನ ಬಟ್ಟೆಯನ್ನು ದೂರದಿಂದ ಎಸೆದು, "ಅಳತೆ ಹಳೇದೇ ಇರಲಿ" ಎಂದು ಕೂಗಿ ಹೋದರು.

ಇಷ್ಟರಲ್ಲೇ ನಿಂತಿದ್ದರೆ ಮಾಸ್ಟರರು ಹೇಗೋ ಸಹಿಸುತ್ತಿದ್ದರು. ಆದರೆ ಡಾಕ್ಟರಮ್ಮ ವಿಷಯವನ್ನು ದೊಡ್ಡ ಆಸ್ಪತ್ರೆಗೆ ಬರೆದರು. ಒಂದೇ ಬೀದಿಯಲ್ಲಿ ಮೂವತ್ತೊಂದು ಗಂಡಸರು, ಎಲ್ಲರ ರಕ್ತವೂ ಕೆಟ್ಟಿದೆ, ಸೊಂಟ ಮಾತ್ರ ಎಳೆಯ ಹುಡುಗರದು, ಕಾರಣ ತಿಳಿಯದು. ಅಲ್ಲಿಯ ದೊಡ್ಡ ಸಾಹೇಬರಿಗೆ ಆ ಪತ್ರ ಹೋಯಿತು. ಅವರ ಇಡೀ ಸರ್ವೀಸಿನಲ್ಲಿ ಇಂಥದ್ದು ಕಂಡಿರಲಿಲ್ಲವಂತೆ. ಮುಂದಿನ ಶನಿವಾರ ಖುದ್ದು ಬರುತ್ತೇನೆ, ಅದೇ ಜನ ಇರಲಿ, ಅಳೆದವರೂ ಅವರೇ ಇರಲಿ ಎಂದು ಉತ್ತರ ಬರೆದರು.

ಸುದ್ದಿ ತಿಳಿದು ಬೀದಿಯ ಗಂಡಸರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬ್ಯಾಂಕ್ ಮ್ಯಾನೇಜರು ಸ್ವಾಗತ ಭಾಷಣ ಬರೆಯಲು ಕೂತರು. ಔಷಧಿ ಅಂಗಡಿಯವರು ಕೂದಲಿಗೆ ಬಣ್ಣ ಹಾಕಿಸಿಕೊಂಡರು.

ಶುಕ್ರವಾರ ಸಂಜೆ ಡಾಕ್ಟರಮ್ಮ ಅಂಗಡಿಗೆ ಬಂದರು. ಮಾಸ್ಟರರು ಎದ್ದು ನಿಂತು, ಇವತ್ತು ಹೇಳಿಯೇಬಿಡುತ್ತೇನೆ ಎಂದು, "ಮೇಡಂ, ಆ ಅಳತೆ..." ಎಂದರು.

"ನಿಮ್ಮಿಂದ ತುಂಬ ಉಪಕಾರ ಆಯ್ತು ಮಾಸ್ಟ್ರೇ" ಎಂದು ಡಾಕ್ಟರಮ್ಮ ಸ್ಟೂಲಿನ ಮೇಲೆ ಕೂತರು. ದಣಿದಿದ್ದರು. "ಆದ್ರೆ ನಾನು ಬಂದಿದ್ದು ಬೇರೆ ಮಾತಿಗೆ. ಬೇಕರಿಯವರು ನಿಮ್ಮ ಸ್ನೇಹಿತರಲ್ವಾ? ಮೊನ್ನೆ ಮತ್ತೆ ಟೆಸ್ಟ್ ಮಾಡ್ದೆ. ಖಾಲಿ ಹೊಟ್ಟೇಲೇ ಇನ್ನೂರು ದಾಟಿದೆ ಸಕ್ಕರೆ. ಬಿಪಿ ಕೂಡ ಏರಿದೆ. ಮಾತ್ರೆ ಕೊಟ್ರೆ ತಗೊಳ್ಳಲ್ಲ. ನಡೀರಿ ಅಂದ್ರೆ ನಗ್ತಾರೆ, ನಾನು ಸಣ್ಣಗಿದೀನಿ ಅಂತಾರೆ. ಅವರ ಅಣ್ಣನ ವಿಷಯ ಗೊತ್ತಲ್ಲ ನಿಮ್ಗೆ. ನಂಗೆ ನಿಜವಾಗ್ಲೂ ಭಯ ಆಗ್ತಿದೆ. ನೀವು ಹೇಳಿದ್ರೆ ಕೇಳ್ತಾರೇನೋ."

ಮಾಸ್ಟರರು ಅಳತೆಯ ಮಾತು ಬಿಟ್ಟು, ಹೇಳ್ತೀನಿ ಎಂದಷ್ಟೇ ಅಂದರು. ಡಾಕ್ಟರಮ್ಮ ಎದ್ದು ಹೋದರು. ಅವತ್ತು ಮಾಸ್ಟರರಿಗೆ ಊಟ ಸೇರಲಿಲ್ಲ. ಅವರಿಗೆ ಗೆಳೆಯನ ಮೇಲೆ ಪ್ರೀತಿಯಿತ್ತು, ತಮ್ಮ ಮೇಲೆ ಅಸಹ್ಯವಾಯಿತು.

ಶನಿವಾರ ದೊಡ್ಡ ಸಾಹೇಬರು ಕಾರಿನಲ್ಲಿ ಬಂದಿಳಿದರು. ಜೊತೆಗೆ ಇಬ್ಬರು ಸಹಾಯಕರು, ಒಂದು ಕ್ಯಾಮೆರಾ. ಸಾಹೇಬರು ಮಿತಭಾಷಿ, ಮ್ಯಾನೇಜರರ ಭಾಷಣದ ಎರಡನೇ ಹಾಳೆಗೇ ಕೈಯೆತ್ತಿ ನಿಲ್ಲಿಸಿದರು. ಸಾಲಾಗಿ ನಿಂತ ಮೂವತ್ತು ಗಂಡಸರನ್ನು ಪಕ್ಕದಿಂದ ಒಮ್ಮೆ ನೋಡಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದರು. ಆಮೇಲೆ, "ಶುರು ಮಾಡಿ" ಎಂದರು.

ಬೇಕರಿಯವನು ತಾನೇ ಮೊದಲು ಬಂದು ಕೈಯೆತ್ತಿ ನಿಂತ. ಮಾಸ್ಟರರು ಅವನೇ ಕೊಟ್ಟ ಟೇಪನ್ನು ಅವನ ಸೊಂಟಕ್ಕೆ ಸುತ್ತಿದರು. ಅರ್ಧ ಇಂಚು ಏರಿತ್ತು. ಗೆಳೆಯ ಚಾವಣಿ ನೋಡುತ್ತ ನಗುತ್ತಿದ್ದ. ಅವನ ಅಣ್ಣನೂ ಹೀಗೆಯೇ ಚಾವಣಿ ನೋಡುತ್ತ ನಿಲ್ಲುತ್ತಿದ್ದ. ಅವನಿಗೂ ಮಾಸ್ಟರರು ಮೂವತ್ನಾಲ್ಕೇ ಹೇಳಿದ್ದರು.

"ನಲವತ್ನಾಲ್ಕೂವರೆ" ಎಂದರು ಮಾಸ್ಟರರು. ಕೆಮ್ಮಲಿಲ್ಲ.

ಬೇಕರಿಯವನು ಕೈ ಇಳಿಸಲೂ ಮರೆತು ಕೇಳಿದ. "ಅದು ಸೆಂಟಿಮೀಟರಾ?"

"ಇಂಚು."

"ಇಷ್ಟು ಬೇಗ ಹತ್ತು ಇಂಚು ಹೇಗೋ ಏರತ್ತೆ?"

"ಹತ್ತು ವರ್ಷದಲ್ಲಿ ಏರಿದ್ದು ಕಣೋ. ನಾನು ಹೇಳ್ಲಿಲ್ಲ."

ಮಾಸ್ಟರರು ಕೆಮ್ಮಿನ ಲೆಕ್ಕವನ್ನು ಎಲ್ಲರ ಮುಂದೆ ಒಪ್ಪಿಸಿದರು. ಎರಡು ಇಂಚು, ಒಂದು ಇಂಚು, ಅರ್ಧ ಇಂಚು, ಒಂದನ್ನೂ ಬಿಡಲಿಲ್ಲ. ನರ್ಸಮ್ಮ ಎರಡೂ ಮಾಸ್ಕು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಡಾಕ್ಟರಮ್ಮ ಗೋಡೆಗೆ ಒರಗಿದರು. ಸಾಹೇಬರು ನಿಧಾನವಾಗಿ ಕೇಳಿದರು.

"ಡಾಕ್ಟರೇ, ನೂರಿಪ್ಪತ್ತು ಮೈಲಿ ನನ್ನನ್ನು ಕರೆಸಿದ್ದು ಈ ಕೆಮ್ಮು ಕೇಳಿಸೋದಕ್ಕಾ?"

ಆಗ ಎದ್ದ ಗದ್ದಲವನ್ನು ಬರೆಯಲು ಕಾಗದ ಸಾಲದು. ಎಲ್ಲರಿಗೂ ತಮ್ಮ ನಿಜವಾದ ಅಳತೆ ಬೇಕು, ಆದರೆ ಇನ್ನೊಬ್ಬರಿಗೆ ಕೇಳಿಸಬಾರದು. ಮಾಸ್ಟರರ ಹೆಂಡತಿ ಅಳತೆ ಪುಸ್ತಕದೊಂದಿಗೆ ಬಂದಿದ್ದಳು. ಬೆರಳಿಟ್ಟು ತೋರಿಸುತ್ತ ಹೋದಳು. ಮ್ಯಾನೇಜರು ತಮ್ಮ ಸಂಖ್ಯೆ ನೋಡಿ, ಇದು ಫೋನ್ ನಂಬರಿನ ಭಾಗವಿರಬೇಕು ಎಂದರು. ಸಾಹೇಬರು ಪುಸ್ತಕ ತಿರುವಿ ಹಾಕುತ್ತ, "ಇಷ್ಟು ವರ್ಷ ಈಯಮ್ಮ ಒಬ್ಬರಿಗೇ ಸತ್ಯ ಗೊತ್ತಿತ್ತು" ಎಂದು ಗೊಣಗಿದರು. ಗಂಡಸರೆಲ್ಲ ಒಮ್ಮೆಗೇ ಶರ್ಟು ಕೆಳಗೆಳೆದುಕೊಂಡು ಹೊಟ್ಟೆ ಮುಚ್ಚಿಕೊಂಡರು.

ಓವರ್‌ಸಿಯರರು ಬೆರಳು ತೋರಿಸಿ ಕೇಳಿದರು. "ಮಾಸ್ಟ್ರೇ, ನಿಮ್ದು?"

"ನಂದು ಮಾತ್ರ ನಿಜವಾಗ್ಲೂ ಮೂವತ್ನಾಲ್ಕೇ" ಎಂದರು ಮಾಸ್ಟರರು, ಕಾರ್ಡಿನ ಮೇಲೆ ಕೈಯಿಟ್ಟು.

ಅವರ ಬೆನ್ನ ಹಿಂದೆ ಹೆಂಡತಿ ಕೆಮ್ಮಿದಳು. ಇನ್ನೊಮ್ಮೆ ಕೆಮ್ಮಿದಳು. ಮಾಸ್ಟರರು ತಿರುಗಿ ನೋಡುವಷ್ಟರಲ್ಲಿ ಮತ್ತೂ ಎರಡಾದವು.

"ನಿಮ್ಮ ಪ್ಯಾಂಟುಗಳನ್ನ ಪ್ರತಿವರ್ಷ ಯಾರು ಬಿಚ್ಚಿ ಅಗಲ ಮಾಡ್ತಿದ್ರು ಅಂದ್ಕೊಂಡಿದ್ರಿ? ಒಗೆದ್ರೆ ಬಟ್ಟೆ ಹಿಗ್ಗತ್ತೆ ಅಂತಾನಾ?" ಎಂದಳು. "ನೀವು ಬೀದಿಯವರ ಮರ್ಯಾದೆ ಕಾಯ್ತಿದ್ರಿ. ನಾನು ನಿಮ್ಮದು ಕಾಯ್ತಿದ್ದೆ."

ಯಾರೂ ನಗಲಿಲ್ಲ. ನಗುವ ಸ್ಥಿತಿಯಲ್ಲಿ ಅಲ್ಲಿ ಯಾರೂ ಇರಲಿಲ್ಲ. ಬೇಕರಿಯವನು ಮಾತ್ರ ಕೈ ಇಳಿಸಿ, ಗೆಳೆಯನ ಮುಖ ನೋಡದೆ ಹೊರಟುಹೋದ.

ಅವತ್ತಿನಿಂದ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ. ಬೀದಿಯ ಗಂಡಸರು ಸಿಟ್ಟಿನಿಂದ ರೆಡಿಮೇಡ್ ಅಂಗಡಿಗೆ ಹೋದರು. ಅಲ್ಲಿಯ ಮೂವತ್ನಾಲ್ಕು ತೊಡೆಯಿಂದ ಮೇಲಕ್ಕೆ ಬರಲಿಲ್ಲ. ಪರದೆಯ ಹಿಂದಿನಿಂದ ಕೆಂಪು ಮುಖ ಹೊತ್ತು ಬಂದು, ಬರಿಗೈಯಲ್ಲಿ ಮನೆ ಸೇರಿದರು. ಮನೆಯಲ್ಲಿ ಹೆಂಡತಿಯರು ಕಾದಿದ್ದರು. ಸಕ್ಕರೆ ಡಬ್ಬಿ ಅಟ್ಟ ಸೇರಿತು, ಎಣ್ಣೆ ಚಮಚದ ಲೆಕ್ಕಕ್ಕೆ ಬಂತು, ಮ್ಯಾನೇಜರರ ಮೇಜಿನ ಖಾನೆಯಿಂದ ಸಿಗರೇಟು ಮಾಯವಾಗಿ ಅಲ್ಲಿ ಸೌತೆಕಾಯಿ ಕಾಣಿಸಿಕೊಂಡಿತು. ಬೆಳಗಾದರೆ ಇಡೀ ಬೀದಿ ನಡೆಯತೊಡಗಿತು. ಮಾತಿಲ್ಲ ಕಥೆಯಿಲ್ಲ, ಎಲ್ಲರೂ ಹಲ್ಲು ಕಚ್ಚಿಕೊಂಡು ದಾಪುಗಾಲು. ಡಾಕ್ಟರಮ್ಮ ಕೇಳಿದ್ದ ಬಿರುಸು ಉಪದೇಶದಿಂದ ಬಂದಿರಲಿಲ್ಲ, ಮಾಸ್ಟರರ ಮೇಲಿನ ಸಿಟ್ಟಿನಿಂದ ಬಂತು. ಮಾಸ್ಟರರನ್ನೂ ಹೆಂಡತಿ ಹೊರಗಟ್ಟುತ್ತಿದ್ದಳು. ಅವರು ಎದುರು ಪಕ್ಕದಲ್ಲಿ ಒಬ್ಬರೇ ನಡೆದರು. ಅವರು ರಸ್ತೆ ದಾಟಿದರೆ ಇಪ್ಪತ್ತೊಂಬತ್ತು ಜನವೂ ಇನ್ನೊಂದು ಪಕ್ಕಕ್ಕೆ ದಾಟುತ್ತಿದ್ದರು.

ಅದನ್ನು ಅವರು ಸಹಿಸಿಕೊಂಡರು. ಸಹಿಸಲಾಗದ್ದು ಒಂದೇ. ನಡೆಯುವವರಲ್ಲಿ ಬೇಕರಿಯವನು ಇರಲಿಲ್ಲ. ಬೇಕರಿಯ ಬಾಗಿಲು ಮಧ್ಯಾಹ್ನ ಎರಡಕ್ಕೆ ಮುಚ್ಚುತ್ತಿತ್ತು, ಮೂರಕ್ಕೆ ತೆರೆಯುತ್ತಿತ್ತು. ಒಳಗೆ ಅವನು ಏನು ಮಾಡುತ್ತಾನೆ, ಏನು ತಿನ್ನುತ್ತಾನೆ, ಮಾತ್ರೆ ನುಂಗುತ್ತಾನೋ ಇಲ್ಲವೋ, ಒಂದೂ ತಿಳಿಯದು. ಮಾಸ್ಟರರು ಎರಡು ಸಲ ಹೋಗಿ ನಿಂತರು. ಗಾಜಿನ ಕಪಾಟಿನ ಆಚೆಯಿಂದ ಅವನು, "ಏನು ಬೇಕಿತ್ತು?" ಎಂದು ಗಿರಾಕಿಗೆ ಕೇಳುವಂತೆ ಕೇಳಿದ. ಮಾಸ್ಟರರು ಬೇಡದ ರಸ್ಕು ಕೊಂಡು ಬಂದರು. ಐವತ್ತೆರಡು ವರ್ಷದ ಗಂಡಸು ರಸ್ಕಿನ ಪೊಟ್ಟಣ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತು ಕಣ್ಣೊರೆಸಿಕೊಂಡದ್ದನ್ನು ಹೆಂಡತಿ ನೋಡಿದಳು, ನೋಡದಂತೆ ಇದ್ದಳು. ಮರುದಿನ ಅವಳೇ ಹೋಗಿ ಬೇಕರಿಯವನ ಹೆಂಡತಿಯ ಹತ್ತಿರ ವಿಷಯ ತಿಳಿದು ಬಂದಳು.

"ಬಾಗಿಲು ಹಾಕ್ಕೊಂಡು ಒಳಗೆ ಹಿಟ್ಟು ನಾದೋ ಮೇಜಿನ ಸುತ್ತ ನಡೀತಾರಂತೆ. ದಿನಾ ಒಂದು ಗಂಟೆ. ರಸ್ತೇಲಿ ಎಲ್ರ ಮುಂದೆ ನಡೆಯೋಕೆ ಮುಖ ಇಲ್ಲ ಅಂತಾರಂತೆ. ಮಾತ್ರೆ ತಗೋತಾರೆ. ಬನ್ನಿನ ಹದ ಈಗ ಅವಳೇ ನೋಡ್ತಾಳಂತೆ."

ಮಾಸ್ಟರರು ಅಂದು ಮೂರು ತುತ್ತು ಹೆಚ್ಚಿಗೆ ಉಣ್ಣಲು ಹೋದರು. ಹೆಂಡತಿ ಪಾತ್ರೆ ಎತ್ತಿಟ್ಟಳು.

ಮೂರು ತಿಂಗಳು ಕಳೆಯಿತು. ಮೊದಲು ಔಷಧಿ ಅಂಗಡಿಯವರು ಬಂದರು, ಪ್ಯಾಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ನಡೆದು ನಡೆದು ಸಡಿಲವಾಗಿತ್ತು. ಆಮೇಲೆ ಒಬ್ಬೊಬ್ಬರೇ. ಸಿಟ್ಟು ಇಳಿದಿರಲಿಲ್ಲ, ಆದರೆ ಪ್ಯಾಂಟು ಇಳಿಯುತ್ತಿತ್ತು. ಮಾಸ್ಟರರು ಈಗ ಅಳತೆಯನ್ನು ಇದ್ದಂತೆ ಹೇಳುತ್ತಿದ್ದರು. ಮ್ಯಾನೇಜರು ಮಾತ್ರ, "ಹೇಳಿ, ಆದ್ರೆ ಕಿವೀಲಿ ಹೇಳಿ" ಎಂದರು.

ಒಂದು ಮಧ್ಯಾಹ್ನ ಎರಡೂಕಾಲು ಗಂಟೆಗೆ ಬೇಕರಿಯವನು ಅಂಗಡಿಯ ಹೊಸ್ತಿಲಲ್ಲಿ ನಿಂತಿದ್ದ. ಒಳಗೆ ಬಂದು ಕೈಯೆತ್ತಿದ. ಈ ಸಲ ಚಾವಣಿ ನೋಡಲಿಲ್ಲ, ಮಾಸ್ಟರರ ಮುಖವನ್ನೇ ನೋಡಿದ. ಮಾಸ್ಟರರು ಟೇಪು ಸುತ್ತಿದರು. ಮೂರು ತಿಂಗಳು ಮೇಜು ಸುತ್ತಿದ ಮನುಷ್ಯನಿಗೆ ನಲವತ್ತು ಎನ್ನಬೇಕು ಎಂದು ಇಡೀ ಜೀವ ಬೇಡುತ್ತಿತ್ತು. ನಲವತ್ತು ಎಂದರೆ ಅವನು ನಗುತ್ತಾನೆ. ನಕ್ಕರೆ ಎಲ್ಲ ಮೊದಲಿನಂತಾಗುತ್ತದೆ.

"ನಲವತ್ಮೂರು" ಎಂದರು.

"ಒಂದೂವರೆ ಇಂಚು ಅಷ್ಟೇನಾ?"

"ಅಷ್ಟೇ."

"ಮೂರು ತಿಂಗಳು ಕಣೋ. ಒಂದು ಬನ್ನು ಮುಟ್ಟಿಲ್ಲ ನಾನು."

"ಗೊತ್ತು."

ಬೇಕರಿಯವನು ಜೇಬಿನಿಂದ ಮಡಿಸಿದ ಕಾಗದ ತೆಗೆದು ಹೊಲಿಗೆ ಮಿಷನ್ನಿನ ಮೇಲೆ ಇಟ್ಟ. ಡಾಕ್ಟರಮ್ಮನ ವರದಿ. ಸಕ್ಕರೆ ಇನ್ನೂರರಿಂದ ನೂರ ಮೂವತ್ತಕ್ಕೆ ಇಳಿದಿತ್ತು. "ಇದು ನಿಜಾನಾ ಸುಳ್ಳಾ ಅಂತ ನೋಡೋಕೆ ಬಂದೆ" ಎಂದ. "ನೀನು ನಲವತ್ತು ಅಂದಿದ್ರೆ ಈ ಕಾಗದನೂ ನಂಬ್ತಿರ್ಲಿಲ್ಲ. ನಿನ್ನ ಮುಖಾನೂ ಇನ್ನು ನೋಡ್ತಿರ್ಲಿಲ್ಲ."

ಮಾಸ್ಟರರು ಕಾಗದ ಓದಿ, ಟೇಪನ್ನು ಕುತ್ತಿಗೆಗೆ ಹಾಕಿಕೊಂಡರು. ಗೆಳೆಯ ಅವರ ಕುತ್ತಿಗೆಯಿಂದ ಟೇಪನ್ನು ಎಳೆದುಕೊಂಡ.

"ಕೈಯೆತ್ತು."

"ನಂದು ಯಾಕೋ ಈಗ..."

"ಎತ್ತು ಅಂದೆ."

ಇಬ್ಬರ ಹೊಟ್ಟೆಯೂ ನಡುವೆ ಅಡ್ಡ ಬಂದು ಟೇಪಿನ ತುದಿ ಅವನ ಕೈಗೆ ಎಟುಕಲಿಲ್ಲ. ಮಾಸ್ಟರರ ಹೆಂಡತಿ ಎದ್ದು ಬಂದು ಹಿಂದಿನಿಂದ ಅದನ್ನು ತಲುಪಿಸಿದಳು. ಟೇಪು ಬೆಲ್ಟಿನ ಜಾಗಕ್ಕೆ ಜಾರಿದರೆ ಅವಳೇ ಅದನ್ನು ಎತ್ತಿ ಹೊಕ್ಕುಳ ಮೇಲೆ ಕೂರಿಸಿದಳು. ಬೇಕರಿಯವನು ಬಗ್ಗಿ ಓದಿಕೊಂಡ. ಓದಿಕೊಂಡವನು ಟೇಪಿನ ಆ ಜಾಗವನ್ನು ಎರಡು ಬೆರಳಲ್ಲಿ ಹಿಡಿದೇ ಹೊಸ್ತಿಲಿಗೆ ಹೋಗಿ, ಬೀದಿಗೆ ಮುಖ ಮಾಡಿ, ಬಿಸಿ ಬನ್ನು ಬಂದಾಗ ಕೂಗುವ ಗಂಟಲಿನಲ್ಲಿ ಕೂಗಿದ.

"ಟೈಲರ್ ಮಾಸ್ಟರು, ನಲವತ್ತೊಂದು ಇಂಚು."

ಬ್ಯಾಂಕಿನ ಕಿಟಕಿ ತೆರೆಯಿತು. ಔಷಧಿ ಅಂಗಡಿಯವರು ಹೊರಗೆ ಬಂದರು. ಓವರ್‌ಸಿಯರರು ಎದುರು ಜಗುಲಿಯಿಂದ, "ಇನ್ನೊಂದ್ಸಲ ಹೇಳಪ್ಪ, ಸರಿಯಾಗಿ ಕೇಳಿಸ್ಲಿಲ್ಲ" ಎಂದರು. ಬೇಕರಿಯವನು ಸಂತೋಷವಾಗಿ ಇನ್ನೊಂದು ಸಲ ಕೂಗಿದ. ಆಮೇಲೆ ಟೇಪನ್ನು ಸುತ್ತಿ ಮಾಸ್ಟರರ ಕೈಗೆ ಕೊಟ್ಟ.

"ನಾಳೆ ಬೆಳಿಗ್ಗೆ ಆರಕ್ಕೆ ರೆಡಿ ಇರು" ಎಂದ. "ಆ ಮೇಜು ಸುತ್ತಿ ಸುತ್ತಿ ನಂಗೆ ತಲೆ ತಿರುಗೋಕೆ ಶುರುವಾಗಿದೆ."